ಹನುಮವ್ವ ಹೊಂಗೆ ಕೋಣೆಯಲ್ಲಿ ಉಳಿದದ್ದು

ಹನುಮವ್ವ ಆ ಹೋಟೆಲಿನ ಹಿಂದಿನ ಗೇಟಿನಿಂದ ಎರಡು ತಿಂಗಳು ಒಳಗೆ ಹೋಗಿ ಬಂದಿದ್ದಳು. ಮುಂದಿನ ಬಾಗಿಲು ಹೇಗೆ ತೆರೆಯುತ್ತದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಚಂದ್ರಾ ಲೇಔಟಿನ ಒಳರಸ್ತೆಯಲ್ಲಿ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಎದ್ದಿದ್ದ ಆ ಕಟ್ಟಡವನ್ನು ನೋಡಿದವರಿಗೆ ಅದು ಹೋಟೆಲೋ ಯಾರದಾದರೂ ಮನೆಯೋ ಎಂದು ಗೊತ್ತಾಗುತ್ತಿರಲಿಲ್ಲ. ದೊಡ್ಡ ಬೋರ್ಡು ಇಲ್ಲ. ಗೇಟಿನ ಪಕ್ಕದ ಕಲ್ಲಿನಲ್ಲಿ ಅಂಗೈಯಗಲ ಜಾಗದಲ್ಲಿ ‘ಹನ್ನೆರಡಂಕಣ’ ಎಂದು ಕೆತ್ತಿದ್ದರು, ಅಷ್ಟೆ. ಇದ್ದದ್ದೇ ಹನ್ನೆರಡು ಕೋಣೆ. ಕೋಣೆಗಳಿಗೆ ನಂಬರಿರಲಿಲ್ಲ; ಹೊಂಗೆ, ಅತ್ತಿ, ಹುಣಸೆ, ನೇರಳೆ ಎಂದು ಮರಗಳ ಹೆಸರು. ಕಟ್ಟಿಸಿದವಳು ಕುಸುಮಾ. ಮೂಡಲಪಾಳ್ಯದ ಹಳೇ ಒಕ್ಕಲು ಮನೆತನದ ಬೈರಪ್ಪನವರ ಮಗಳು. ಬಣ್ಣ, ಬೀಗ, ಬಟ್ಟಲು ಎಲ್ಲವನ್ನೂ ತಾನೇ ಊರೂರು ಅಲೆದು ಆರಿಸಿದ್ದಳು. ಕೋಣೆ ಗುಡಿಸಿ ಒರೆಸುವ ಹೆಂಗಸರು ಉಡಬೇಕಾದ ಬೂದು ಬಣ್ಣದ ಕೈಮಗ್ಗದ ಸೀರೆಯನ್ನೂ ಅವಳೇ ಆರಿಸಿದ್ದು.

ಹನುಮವ್ವನ ಊರು ಕುಷ್ಟಗಿಯ ಕಡೆ. ಗಂಡ ಗೂಳಪ್ಪನ ಜೊತೆ ಬೆಂಗಳೂರಿಗೆ ಬಂದು ಹದಿನಾರು ವರ್ಷವಾಗಿತ್ತು. ಮೊದಲ ಏಳೆಂಟು ವರ್ಷ ಗಾರೆ ಕೆಲಸ. ನಾಗರಭಾವಿ, ಮೂಡಲಪಾಳ್ಯ, ಬಸವೇಶ್ವರನಗರ ಎಂದು ಎಷ್ಟೋ ಮನೆಗಳಿಗೆ ಇಟ್ಟಿಗೆ ಹೊತ್ತಿದ್ದಳು. ಕಟ್ಟುವಾಗ ಆ ಮನೆಗಳಲ್ಲೇ ಸಿಮೆಂಟಿನ ಚೀಲ ಹಾಸಿಕೊಂಡು ಮಲಗುವುದು, ಬಾಗಿಲು ಕೂರಿಸಲು ಬಡಗಿ ಬಂದ ದಿನ ಗಂಟುಮೂಟೆ ಕಟ್ಟುವುದು. ಬೆನ್ನು ನೋವು ಬಂದ ಮೇಲೆ ಗೂಳಪ್ಪ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದ, ಇವಳು ಆಸ್ಪತ್ರೆಯೊಂದರಲ್ಲಿ ನೆಲ ಒರೆಸಿದಳು. ಅಲ್ಲಿಂದ ಈ ಹೋಟೆಲಿಗೆ. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ದಿನಾ ನಡೆದೇ ಬರುತ್ತಿದ್ದಳು.

ಹೋಟೆಲು ಇನ್ನೂ ತೆರೆದಿರಲಿಲ್ಲ. ತೆರೆಯಲು ಮೂರು ವಾರ ಇರುವಾಗ ಮ್ಯಾನೇಜರ್ ಸಮರ್ಥ ಅವಳನ್ನು ಕರೆದ.

“ಹನುಮವ್ವ, ನಾಳೆ ನೀವು ಕೆಲಸಕ್ಕೆ ಬರಬೇಡಿ.”

“ಯಾಕ್ರಿ ಸಾರ್? ನಾ ಏನ್ ತಪ್ಪ ಮಾಡೀನ್ರಿ?”

“ಅಯ್ಯೋ, ತಪ್ಪೇನಿಲ್ಲ. ಕೆಲಸಕ್ಕೆ ಬೇಡ, ಗೆಸ್ಟಾಗಿ ಬನ್ನಿ. ಹನ್ನೆರಡು ಗಂಟೆಗೆ ಬಂದು, ನಾಡಿದ್ದು ಬೆಳಿಗ್ಗೆ ತಿಂಡಿ ತಿಂದು ಹೋಗೋದು. ಓಪನ್ ಆಗೋಕ್ಕೆ ಮುಂಚೆ ಟ್ರಯಲ್ ಮಾಡ್ತಾ ಇದೀವಿ. ಕುಸುಮಾ ಮೇಡಮ್ಮೇ ನಿಮ್ ಹೆಸರು ಹೇಳಿದ್ದು.”

“ಬಂದು ಏನ್ ಮಾಡ್ಬೇಕ್ರಿ?”

“ಏನೂ ಮಾಡಬಾರದು. ಇರಬೇಕು ಅಷ್ಟೆ. ಏನು ಚೆನ್ನಾಗಿಲ್ಲ ಅನ್ಸುತ್ತೋ ಅದನ್ನ ನೆನಪಿಟ್ಕೊಂಡು ಹೇಳಬೇಕು.”

“ಮತ್ತ ಹಾಸಿಗಿ ಯಾರ್ ಹಾಕ್ತಾರ್ರಿ?”

“ಪಟಾಲಮ್ಮ ಹಾಕ್ತಾರೆ.”

ಪಟಾಲಮ್ಮ ಅವಳ ಜೊತೆಯವಳು, ಮೂಡಲಪಾಳ್ಯದವಳು. ಹನುಮವ್ವನಿಗಿಂತ ಹತ್ತು ವರ್ಷ ಚಿಕ್ಕವಳು, ಅಕ್ಕ ಅಂತಲೇ ಕರೆಯುವುದು. ಇಬ್ಬರೂ ಬೆಡ್‌ಶೀಟಿನ ಎರಡೆರಡು ತುದಿ ಹಿಡಿದು ಹಾಸಿಗೆ ಹಾಕುವಾಗ ಹನುಮವ್ವ ವಿಷಯ ಹೇಳಿದಳು. ಪಟಾಲಮ್ಮ ಸುಕ್ಕು ಎಳೆಯುತ್ತಲೇ, “ಅದು ರೂಮಿಗಲ್ಲ ಕಣಕ್ಕ, ನಿಂಗೇ ಟ್ರಯಲ್ಲು. ಯಾರನ್ನ ಸೂಪರ್‌ವೈಸರ್ ಮಾಡಾದು ಅಂತ ನೋಡ್ತಾವ್ರೆ,” ಅಂದಳು.

ಹಾಗೋ ಹೀಗೋ ಎಂದು ಹನುಮವ್ವನಿಗೆ ತಿಳಿಯಲಿಲ್ಲ. ಮನೆಗೆ ಹೋಗಿ ಗೂಳಪ್ಪನಿಗೆ ಹೇಳಿದರೆ ಅವನು ಊಟದ ತಟ್ಟೆ ಮುಂದಿಟ್ಟುಕೊಂಡೇ ನಕ್ಕ. “ಏನೂ ಮಾಡದಂಗ ಇರೂದು ನಿನ್ ಕೈಲೆ ಆಗೂದಿಲ್ಲ ತಗಿ. ಬ್ಯಾರೆ ಯಾರನ್ನರ ಕಳಸಂತ ಹೇಳು.”

ಮರುದಿನ ಅವಳು ಮನೆಯ ಇಳಕಲ್ ಸೀರೆ ಉಟ್ಟು, ಬಟ್ಟೆ ಅಂಗಡಿಯ ಕೈಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೊರಟಳು. ಕಾಲು ತಾನಾಗಿ ಹಿಂದಿನ ಗೇಟಿಗೆ ಹೋಯಿತು. ಅಲ್ಲಿ ಬೀಗ. ಸುತ್ತು ಹಾಕಿಕೊಂಡು ಮುಂದೆ ಬಂದರೆ ಗೇಟು ಕಾಯುವ ಸಿದ್ದಲಿಂಗೇಶ್ ಎದ್ದು ನಿಂತು ಸಲ್ಯೂಟ್ ಹೊಡೆದ. ನಿನ್ನೆಯವರೆಗೆ ಅವಳ ಡಬ್ಬಿಯಿಂದ ಖಾರಬ್ಯಾಳಿ ತಿಂದವನು. ಸಲ್ಯೂಟ್ ಹೊಡೆದು ಕೈಚೀಲ ಹಿಡಿದುಕೊಳ್ಳಲು ಬಂದ. ಅವಳು ಬಿಡಲಿಲ್ಲ.

“ಬಿಡಕ್ಕ, ನಾನೇ ತರ್ಬೇಕಂತೆ. ಮೇಲಿಂದ ನೋಡ್ತಾ ಇರ್ತಾರೆ,” ಎಂದು ಸಿದ್ದಲಿಂಗೇಶ್ ತುಟಿ ಅಲುಗಾಡಿಸದೆ ಪಿಸುಗುಟ್ಟಿದ. ಇಬ್ಬರೂ ಒಂದೊಂದು ಹಿಡಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು.

ಮುಂಬಾಗಿಲು ಒಂದೇ ಹಲಗೆಯದು, ನಡುವೆ ಕಂಬವಿದ್ದು ಗಿರಕಿ ಹೊಡೆಯುವಂಥದ್ದು. ಹನುಮವ್ವ ಬಲಗಡೆ ತಳ್ಳಿದಳು. ಎಡಗಡೆಯ ಅರ್ಧ ಹಿಂದಿನಿಂದ ಬಂದು ಬೆನ್ನಿಗೆ ಬಡಿಯಿತು. ತಿರುಗಿ ನೋಡಿದಳು, ಯಾರೂ ಇಲ್ಲ.

“ಹನ್ನೆರಡಂಕಣಕ್ಕೆ ಸ್ವಾಗತ, ಮೇಡಂ,” ಎಂದ ಸಮರ್ಥ ಕೈಮುಗಿದು. ಆ ಮೇಡಂ ಯಾರೆಂದು ಅವಳು ಇನ್ನೊಮ್ಮೆ ಹಿಂದೆ ನೋಡಿದಳು.

ಪುಟ್ಟ ಮಣ್ಣಿನ ಬಟ್ಟಲಲ್ಲಿ ಪಾನಕ ಕೊಟ್ಟರು. ತಟ್ಟೆಯಲ್ಲಿ ಸುರುಳಿ ಸುತ್ತಿದ ಬಿಸಿ ಒದ್ದೆ ಬಟ್ಟೆಯೂ ಬಂತು. ಅಂಥ ಸುರುಳಿಗಳನ್ನು ಅವಳೇ ಸುತ್ತಿ ಸುತ್ತಿ ಇಟ್ಟಿದ್ದಳು. ಯಾತಕ್ಕೆಂದು ಯಾರೂ ಹೇಳಿರಲಿಲ್ಲ. ಬಟ್ಟಲು ಎತ್ತಿದಾಗ ಮೇಜಿನ ಮೇಲೆ ಒಂದು ನೀರಿನ ಉಂಗುರ ಕಾಣಿಸಿತು. ಅವಳು ಬಟ್ಟೆ ತೆಗೆದುಕೊಂಡು ಮೇಜನ್ನು ಆ ತುದಿಯಿಂದ ಈ ತುದಿಯವರೆಗೆ ಒರೆಸಿದಳು.

“ಮೇಡಂ, ಅದು ಮುಖಕ್ಕೆ,” ಅಂದ ಸಮರ್ಥ ಮೆಲ್ಲಗೆ.

ಅವಳು ಆ ಬಟ್ಟೆಯನ್ನೂ ಮೇಜನ್ನೂ ನೋಡಿದಳು. “ಈಗ ಹೊಲಸಾತಲ್ರಿ,” ಅಂದಳು.

ಅವಳಿಗೆ ಸಿಕ್ಕಿದ್ದು ಮೊದಲನೇ ಮಹಡಿಯ ಹೊಂಗೆ. ಆ ಕೋಣೆಯ ಮೂಲೆಮೂಲೆಯೂ ಗೊತ್ತು. ಮಂಚದ ಕೆಳಗೆ ಎಲ್ಲಿ ಧೂಳು ಕೂರುತ್ತದೆ, ನಲ್ಲಿಯ ಯಾವ ಸಂದಿಗೆ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಬೇಕು, ಹೊದಿಕೆ ದಿಂಬಿನಿಂದ ಎಷ್ಟು ಗೇಣು ಕೆಳಗಿರಬೇಕು, ಎಲ್ಲವೂ ಗೊತ್ತು. ಆದರೆ ಬಾಗಿಲು ಮುಚ್ಚಿಕೊಂಡು ಒಬ್ಬಳೇ ನಿಂತಾಗ ಎಲ್ಲಿ ಕೂರಬೇಕೆಂದು ಹೊಳೆಯಲಿಲ್ಲ. ಕುರ್ಚಿಯ ಮೇಲೆ ಕೂತರೆ ಕುರ್ಚಿಯ ದಿಂಬು ಮುದುಡುತ್ತದೆ. ಮಂಚದ ಮೇಲೆ ಕೂತರೆ ಹೊದಿಕೆಗೆ ಸುಕ್ಕು ಬೀಳುತ್ತದೆ, ಪಟಾಲಮ್ಮ ಮತ್ತೆ ಎಳೆಯಬೇಕು. ಕೊನೆಗೆ ನೆಲದ ಮೇಲೆ, ಗೋಡೆಗೆ ಒರಗಿ ಕೂತಳು. ಇದೂ ಸರಿಯಲ್ಲವೇನೋ ಅನ್ನಿಸಿತು. ಗೆಸ್ಟು ನೆಲದ ಮೇಲೆ ಕೂತರೆ ಟ್ರಯಲ್ಲು ಆದೀತೆ?

ಊಟದ ತಟ್ಟೆ ಬಂತು, ಉಂಡಳು. ತಟ್ಟೆ ತೊಳೆದಿಡಲು ಹೋಗಿ, ಬೇಡವೆಂದು ಬಿಟ್ಟಳು. ಬಿಟ್ಟದ್ದಕ್ಕೆ ಒಂಥರಾ ಕೆಟ್ಟದೆನಿಸಿತು. ಎರಡು ಗಂಟೆಯ ಹೊತ್ತಿಗೆ, ಮಲಗದೆ ಹೋದರೆ ನಾಳೆ ಹಾಸಿಗೆಯ ಬಗ್ಗೆ ಏನು ಹೇಳುವುದೆಂದು, ಹೆದರಿಕೊಂಡೇ ಹೊದಿಕೆ ಸರಿಸಿ ಮಲಗಿದಳು. ತಲೆ ದಿಂಬಿಗೆ ಹೂತುಕೊಂಡು ಹೋಯಿತು. ಅದೇ ಹೊತ್ತಿಗೆ ಕಿವಿಯ ಕೆಳಗೆ ಚುಳ್ಳೆಂದು ಏನೋ ಚುಚ್ಚಿತು.

ದಿಂಬಿನ ಕವರಿನೊಳಗೆ ಬಾಯಿ ಬಿಟ್ಟುಕೊಂಡ ಒಂದು ಸೇಫ್ಟಿ ಪಿನ್ನಿತ್ತು.

ಅದು ಯಾರದೆಂದು ಕೇಳಬೇಕಾಗಿರಲಿಲ್ಲ. ಆ ಬೂದು ಸೀರೆಯನ್ನು ಉಟ್ಟು ಬಗ್ಗಿ ಏಳುವವರ್ಯಾರೂ ನಾಲ್ಕು ಪಿನ್ನಿಲ್ಲದೆ ಉಳಿಯುತ್ತಿರಲಿಲ್ಲ. ಗಂಜಿ ಹಾಕಿದ ಸೀರೆ. ಮಂಚದಡಿ ತೂರಿದರೆ ಸೆರಗು ಜಾರುತ್ತದೆ, ನೆರಿಗೆ ಕಾಲಿಗೆ ತೊಡರುತ್ತದೆ. ಬೆಳಿಗ್ಗೆ ಈ ಕೋಣೆಯಲ್ಲಿ ಕೆಲಸ ಮಾಡಿದವಳು ಪಟಾಲಮ್ಮ.

ಕಿವಿ ಮುಟ್ಟಿದರೆ ಬೆರಳಿಗೆ ರಕ್ತ. ಬಿಳೀ ಕವರಿನ ಮೇಲೆ ಕಡಲೆಕಾಳಿನಷ್ಟು ಕಲೆ. ರಕ್ತದ ಕಲೆ ಒಣಗಿದರೆ ಹೋಗುವುದಿಲ್ಲವೆಂದು ಆಸ್ಪತ್ರೆಯಲ್ಲಿ ಕಲಿತವಳು, ತಡಮಾಡದೆ ಕವರು ಬಿಚ್ಚಿಕೊಂಡು ಬಾತ್‌ರೂಮಿಗೆ ಹೋದಳು.

ಆ ಬಾತ್‌ರೂಮಿಗೆ ಮಂಚದ ಕಡೆ ಗೋಡೆ ಇರಲಿಲ್ಲ. ನೆಲದಿಂದ ಸೂರಿನವರೆಗೆ ಗಾಜು. ಆ ಗಾಜನ್ನು ಎರಡು ತಿಂಗಳಿಂದ ಒಂದು ಬೆರಳಿನ ಗುರುತೂ ಇಲ್ಲದ ಹಾಗೆ ಒರೆಸಿದವಳು ಅವಳೇ. ಒಳಗೆ ನಿಂತು ಸ್ನಾನ ಮಾಡುವವರು ಹೊರಗೆ ಕೂತವರಿಗೆ ಕಾಣುತ್ತಾರೆ ಎಂಬುದು ಈಗ, ಒಳಗೆ ನಿಂತ ಮೇಲೆ, ತಲೆಗೆ ಬಂತು. ನಲ್ಲಿಗೆ ಒಂದೇ ಹಿಡಿ. ಎತ್ತಿದರೆ ನೀರು ಬರುತ್ತದೆಂದು ಅವಳು ತಿಳಿದಿದ್ದಳು. ಎತ್ತಿ ಸ್ವಲ್ಪ ಪಕ್ಕಕ್ಕೆ ತಿರುಗಿಸಿದ್ದೇ ತಡ, ಸೂರಿನಿಂದ ತಣ್ಣನೆಯ ನೀರು ದಬದಬನೆ ತಲೆಯ ಮೇಲೆ ಸುರಿಯಿತು. ಕೆಳಗೆ ಒತ್ತಿದರೆ ಬಿಸಿಯಾಯಿತು, ನಿಲ್ಲಲಿಲ್ಲ. “ಅಯ್ಯ ಶಿವನ!” ಎಂದು ಕಿರುಚಿ ಹಿಡಿಯನ್ನು ಎರಡೂ ಕೈಯಲ್ಲಿ ಹಿಂಡಿದ ಮೇಲೆ ನಿಂತಿತು.

ಇಳಕಲ್ ಸೀರೆ ತೊಪ್ಪೆಯಾಗಿತ್ತು. ಬೇರೆ ಸೀರೆ ಉಟ್ಟು ಒದ್ದೆಯದನ್ನು ಹಿಂಡಿಕೊಂಡು ನಿಂತಳು. ಎಲ್ಲಿ ಹಾಕುವುದು? ಕೋಣೆಯಲ್ಲಿ ಒಂದು ಮೊಳೆ ಇಲ್ಲ, ಹಗ್ಗವಿಲ್ಲ, ಗೂಟವಿಲ್ಲ. ಕಪಾಟಿನಲ್ಲಿ ಕೋಟು ನೇತುಹಾಕುವ ಎರಡು ಮರದ ಹ್ಯಾಂಗರು. ಹನಿ ಹನಿ ಮರದ ನೆಲದ ಮೇಲೆ ಬೀಳುತ್ತಿತ್ತು. ಆ ನೆಲದ ಮೇಲೆ ನೀರು ನಿಲ್ಲಕೂಡದೆಂದು ಸಮರ್ಥ ಹೇಳಿದ್ದು ಒಂದು ಸಲವಲ್ಲ. ಒಂದು ಕೈಯಲ್ಲಿ ಸೀರೆ ಹಿಡಿದು, ಕಾಲಿನಿಂದ ಟವೆಲ್ ತಳ್ಳಿ ಒರೆಸುತ್ತ ಅವಳು ಬಾಗಿಲಿನವರೆಗೆ ಬಂದಳು. ತಾರಸಿಯ ಮೇಲೆ ಕೆಲಸದವರ ಬಟ್ಟೆ ಹಗ್ಗವಿದ್ದದ್ದು ನೆನಪಾಗಿ, ಸೀರೆ, ಕಲೆ ತೊಳೆದ ದಿಂಬಿನ ಕವರು ಎರಡನ್ನೂ ಎತ್ತಿಕೊಂಡು ಹೊರಟಳು.

ಬಟ್ಟೆ ಹರವಿ ಕೆಳಗಿಳಿದು ಬರುವಾಗ ಕಾರಿಡಾರಿನಲ್ಲಿ ಒಬ್ಬ ಮುದುಕರು ಪಂಚೆ ಎತ್ತಿ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು, ಒಂದು ಬಾಗಿಲಿನ ತಳಭಾಗವನ್ನು ನೋಡುತ್ತಿದ್ದರು. ಕೋಣೆಗಳ ಹೆಸರನ್ನು ಮೊಣಕಾಲಿನ ಎತ್ತರದಲ್ಲಿ ಬಳ್ಳಿಯಂಥ ಅಕ್ಷರದಲ್ಲಿ ಬರೆಸಿದ್ದರು. ಮುದುಕರು ಕುಸುಮಾಳ ತಂದೆ ಬೈರಪ್ಪನವರು. ಹನುಮವ್ವ ಅವರನ್ನು ಪೂಜೆಯ ದಿನ ದೂರದಿಂದ ನೋಡಿದ್ದಳು. ಅವರಿಗೆ ಇವಳ ಗುರುತಿರಲಿಲ್ಲ.

“ನೀವೂ ಇಲ್ಲೇ ಉಳ್ಕೊಂಡಿದೀರಾ ಅಮ್ಮ? ಇದೇನು, ಅತ್ತೀನೋ ನೇರ್ಳೇನೋ ಒಸಿ ಓದಿ ಹೇಳಿ. ನಂದು ಅತ್ತಿ ಅಂದ್ರು. ಮೂರು ಬಾಗ್ಲು ತಟ್ಟಿಬುಟ್ಟೆ.”

“ಇದು ನೇರಳಿರೀ ಯಜಮಾನ್ರ. ಅತ್ತಿ ಆ ಮೂಲ್ಯಾಗೈತ್ರಿ, ಬರ್ರಿ.”

ಮುದುಕರು ಅವಳ ಹಿಂದೆ ನಡೆದರು. “ಮಗಳು ಇರು ಅಂದ್ಲು, ಬಂದೆ. ಇದೇ ಜಾಗದಲ್ಲಿ ನಮ್ಮಪ್ಪ ಅವರೆ ಹಾಕ್ತಿದ್ದ. ಕಣ್ಣು ಕಟ್ಟಿ ಬಿಟ್ರೂ ದಾರಿ ತಪ್ತಿರ್ಲಿಲ್ಲ ನಂಗೆ. ಈಗ ನೋಡಿ, ನಮ್ಮನೇಲೇ ನಾನು ಕಳ್ಳನ್ ಥರ ಬಾಗ್ಲು ಬಾಗ್ಲು ನೋಡ್ಕೊಂಡು ಓಡಾಡ್ತಿವ್ನಿ.” ಆಮೇಲೆ ದನಿ ತಗ್ಗಿಸಿ, “ಅಮ್ಮ, ನಿಮ್ ರೂಮಲ್ಲಿ ಬಕೀಟು ಐತಾ? ನಂಗೆ ಮೇಲಿಂದ ನೀರು ಬಿದ್ರೆ ಕಿವಿಗೋಯ್ತದೆ. ಬೆಳಿಗ್ಗೆಯಿಂದ ಸ್ನಾನ ಆಗಿಲ್ಲ,” ಅಂದರು.

ಬಕೀಟು ಸ್ಟೋರಿನಲ್ಲಿದ್ದವು. ಹನುಮವ್ವ ಹೋಗಿ ನೋಡಿದಳು. ಕೆಂಪು ಕಕ್ಕಸಿಗೆ, ನೀಲಿ ನೆಲಕ್ಕೆ. ಎರಡನ್ನೂ ಆ ಹಿರಿಯರಿಗೆ ಕೊಡುವಂತಿರಲಿಲ್ಲ. ಕೆಳಗಿನ ಅಡುಗೆಮನೆಯ ಪಕ್ಕದ ಶೆಲ್ಫಿನಲ್ಲಿ ಐಸ್ ಇಡುವ ಸ್ಟೀಲಿನ ಪಾತ್ರೆಗಳಿದ್ದವು, ಹೊಚ್ಚ ಹೊಸವು. ಒಂದನ್ನೆತ್ತಿಕೊಂಡಳು, ಜೊತೆಗೆ ಒಂದು ದೊಡ್ಡ ಕಾಫಿ ಮಗ್ಗು. ಮೆಟ್ಟಿಲ ಬಳಿ ಸಮರ್ಥ ಏದುಸಿರು ಬಿಡುತ್ತ ಅಡ್ಡ ನಿಂತ.

“ಹನುಮವ್ವ, ಏನಿದು? ಇವತ್ತು ನೀವು ಸ್ಟಾಫ್ ಅಲ್ಲ!”

“ಗೆಸ್ಟ್ ಕೇಳಿದ್ರಲ್ರಿ.”

“ನೀವೂ ಗೆಸ್ಟೇ. ಗೆಸ್ಟಿಗೆ ಗೆಸ್ಟು ನೀರು ಕೊಡೋ ಹಾಗಿಲ್ಲ.”

“ಮತ್ತ ಕೇಳಿದ್ರ ಇಲ್ಲ ಅನ್ಲೇನ್ರಿ?”

ಸಮರ್ಥ ಪಾತ್ರೆ ತಾನೇ ಇಸಿದುಕೊಂಡು ಅತ್ತಿಯ ಕಡೆ ಹೋದ.

ಏಳು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ರಾತ್ರಿಗೆಂದು ಹಾಸಿಗೆ ಬಿಚ್ಚಿ ಸರಿಮಾಡಿಡಲು ಪಟಾಲಮ್ಮ ಬಂದಿದ್ದಳು. ಬೂದು ಸೀರೆ, ತೋಳಿನ ಮೇಲೆ ಮಡಿಸಿದ ಬಟ್ಟೆಗಳು.

“ಒಳಗ ಬಾ ಪಟಾಲಿ, ಕುಂದ್ರು ಬಾ,” ಎಂದಳು ಹನುಮವ್ವ. ಬೆಳಗಿನಿಂದ ಮೊದಲ ಬಾರಿಗೆ ಜೀವಕ್ಕೆ ನಿರಾಳವೆನಿಸಿತ್ತು.

“ಕೂರಂಗಿಲ್ಲ ಅಕ್ಕ. ನೋಡಿದ್ರೆ ಅಷ್ಟೆ,” ಎನ್ನುತ್ತ ಪಟಾಲಮ್ಮ ಮಂಚದ ಕಡೆ ಹೋದಳು. ದಿಂಬು ನೋಡಿ ನಿಂತಳು. “ಇದರ ಕವರೆಲ್ಲಿ?”

ಹನುಮವ್ವ ಮೇಜಿನ ಮೇಲಿದ್ದ ಪಿನ್ನನ್ನು ತೋರಿಸಿದಳು. ಪಟಾಲಮ್ಮನ ಕೈ ತಾನಾಗಿ ತನ್ನ ಹೆಗಲಿಗೆ ಹೋಯಿತು.

“ದಿಂಬು ತುಂಬೋವಾಗ ಸೆರಗು ಜಾರ್ತು. ಹಲ್ಲಲ್ಲಿ ಕಚ್ಕೊಂಡಿದ್ದೆ ಅನ್ಸುತ್ತೆ... ನಂಗೇ ಗೊತ್ತಾಗಿಲ್ಲ.” ದಿಂಬು ಕೈಗೆತ್ತಿಕೊಂಡು, “ನಾಳೆ ಹೇಳ್ತೀಯಾ?”

“ಕೇಳಿದ್ರ ಏನ್ ಹೇಳಲಿ? ನನಗೂ ತಿಳೀವಲ್ದು.”

“ಗೆಸ್ಟ್ ಮಗೀಗೆ ಚುಚ್ಚಿದ್ರೆ ಏನ್ ಗತಿ ಅಂತಾರೆ. ನನ್ನ ತೆಗೀತಾರೆ ಅಷ್ಟೆ.”

“ಮಗೂಗ ಚುಚ್ಚಿದ್ರ ಅಂತ ನಾನೂ ಅದನ್ನ ಯೋಚನಿ ಮಾಡಾಕತ್ತೀನಿ.”

ಅದನ್ನು ಹೇಳಬಾರದಿತ್ತೋ ಏನೋ. ಪಟಾಲಮ್ಮ ಹೊಸ ಕವರು ಹಾಕಿದಳು, ಒಳಗೆ ಕೈ ಆಡಿಸಿ ಎರಡು ಸಲ ನೋಡಿದಳು, ಹೊದಿಕೆಯ ಒಂದು ಮೂಲೆ ಮಡಿಸಿದಳು. ಬಾಗಿಲ ಬಳಿ ತಿರುಗಿ, “ಹೇಳ್ಬೇಕಾದ್ರೆ ಹೇಳ್ಕೊಳಿ, ಮೇಡಂ. ಗುಡ್ ನೈಟ್,” ಎಂದು ಹೊರಟುಹೋದಳು.

ಆ ಮೇಡಂ ಅನ್ನುವ ಮಾತು ಹನುಮವ್ವನಿಗೆ ಪಿನ್ನಿಗಿಂತ ಹೆಚ್ಚು ಚುಚ್ಚಿತು. ಆ ರಾತ್ರಿ ದೀಪ ಆರಿಸುವುದು ಯಾವ ಸ್ವಿಚ್ಚಿನಲ್ಲೆಂದೂ ತಿಳಿಯದೆ, ಮುಖದ ಮೇಲೆ ಸೆರಗು ಎಳೆದುಕೊಂಡು ಮಲಗಿದಳು. ನಿದ್ದೆ ಹತ್ತಿತೋ ಇಲ್ಲವೋ ಅದೂ ಸರಿಯಾಗಿ ಗೊತ್ತಾಗಲಿಲ್ಲ.

ಬೆಳಿಗ್ಗೆ ಅಂಗಳದ ಮೇಜಿನಲ್ಲಿ ತಿಂಡಿ. ಕುಸುಮಾ ಕಾಯುತ್ತಿದ್ದಳು, ಪಕ್ಕದಲ್ಲಿ ನೋಟ್‌ಬುಕ್ಕು ಹಿಡಿದ ಸಮರ್ಥ, ಎದುರಿಗೆ ಬೈರಪ್ಪನವರು. ಹನುಮವ್ವನನ್ನು ಕಂಡು ಅವರು, “ಬನ್ನಿ ಅಮ್ಮ, ಇಲ್ಲಿ ಕೂರಿ,” ಎಂದು ಕುರ್ಚಿ ಎಳೆದರು. ಅವಳು ತುದಿಯಲ್ಲಿ ಕೂತಳು.

“ಧೈರ್ಯವಾಗಿ ಹೇಳಿ ಹನುಮವ್ವ,” ಎಂದಳು ಕುಸುಮಾ. “ಹೇಗಿತ್ತು?”

“ಚಲೋ ಇತ್ರಿ.”

“ಚಲೋ ಅಂದ್ರೆ ಆಗಲ್ಲ. ಏನು ಕಷ್ಟ ಆಯ್ತು ಅದು ಹೇಳಿ.”

ಹನುಮವ್ವ ಮೊದಲು ಒದ್ದೆ ಸೀರೆಯ ವಿಷಯ ಹೇಳಿದಳು. ಒಂದು ಗೂಟ ಬೇಕೆಂದಳು. ಬಕೀಟಿನದು ಹೇಳಿದಳು, ಬೈರಪ್ಪನವರು, “ಹೂಂ, ಅದು ಬರ್ಕೊಳಪ್ಪ,” ಎಂದು ಸಮರ್ಥನಿಗೆ ಬೆರಳು ತೋರಿಸಿದರು. ಬಾಗಿಲಿನ ಹೆಸರು ಕೂತು ಓದಬೇಕಾಗುತ್ತದೆ ಎಂದಳು. ಗಾಜಿನ ವಿಷಯ ಬಂದಾಗ ನಾಚಿಕೆಯಾಗಿ, “ಗಂಡ ಹೆಂಡ್ತಿ ಬಂದ್ರ ಸೈ ಬಿಡ್ರಿ, ಅಕ್ಕ ತಂಗಿ ಬಂದ್ರ, ಅತ್ತಿ ಸೊಸಿ ಬಂದ್ರ ಹೆಂಗ್ರಿ?” ಎಂದಳು. ಕುಸುಮಾ ನಕ್ಕಳು. ಹಿಂದೆಯೇ ಕೇಳಿದಳು:

“ಕ್ಲೀನಿಂಗ್ ಹೇಗಿತ್ತು? ಹಾಸಿಗೆ?”

ಹನುಮವ್ವನಿಗೆ ಅಡುಗೆಮನೆಯ ಬಾಗಿಲಲ್ಲಿ ಪಟಾಲಮ್ಮ ತಟ್ಟೆ ಹಿಡಿದು ನಿಂತದ್ದು ಕಾಣುತ್ತಿತ್ತು. ಚಲೋ ಇತ್ತೆಂದರೆ ಮುಗಿಯುತ್ತಿತ್ತು. ಆದರೆ ಹೋಟೆಲು ತೆರೆದ ಮೇಲೆ ಯಾವುದೋ ಹಸುಗೂಸು ಇಂಥ ದಿಂಬಿನ ಮೇಲೆ ಮಲಗಿದರೆ? ಇದ್ದದ್ದು ಹೇಳೋಣವೆಂದರೆ ಪಟಾಲಮ್ಮನ ಇಬ್ಬರು ಮಕ್ಕಳು ಕಣ್ಣ ಮುಂದೆ ಬಂದರು. ಏನೂ ತೋಚದೆ, ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ಆ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು.

“ಇದು ದಿಂಬಿನ್ಯಾಗ ಇತ್ರಿ.”

ಕುಸುಮಾಳ ನಗು ಮಾಯವಾಯಿತು. “ಯಾರದಿದು? ಆ ರೂಮು ಮಾಡಿದ್ದು ಯಾರು?”

“ಯಾರದಂತ ನಾ ಹೇಳೂದಿಲ್ರಿ ಮೇಡಂ. ನನ್ ಸೀರ್ಯಾಗೂ ನಾಕ್ ಇರ್ತಾವು, ಎಲ್ಲಾರ ಸೀರ್ಯಾಗೂ ಇರ್ತಾವು. ಈ ಸೀರಿ ಉಟ್ಕೊಂಡು ಮಂಚದ ಕೆಳಗ ಹೋಗಿ ನೋಡ್ರಿ ಒಮ್ಮೆ. ಸೆರಗು ಹಿಡೀಬೇಕೋ ಕಸಬರಿಗಿ ಹಿಡೀಬೇಕೋ ತಿಳಿಯಂಗಿಲ್ಲ. ಇವತ್ತು ಆಕಿದು ಬಿತ್ತು, ನಾಳೆ ನಂದು ಬೀಳ್ತೈತಿ.”

ಆಕಿ ಅಂದುಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಆ ಸೀರೆ ಆರಿಸಿದವಳು ಕುಸುಮಾ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಪಿನ್ನನ್ನು ಬೆರಳಲ್ಲಿ ಹಿಡಿದು ತೆರೆದು ಮುಚ್ಚಿದಳು. “ಸರಿ, ನೋಡೋಣ,” ಎಂದು ಎದ್ದಳು. ಅದು ಸಿಟ್ಟೋ ಒಪ್ಪಿಗೆಯೋ ಹನುಮವ್ವನಿಗೆ ಆಗಲೂ ತಿಳಿಯಲಿಲ್ಲ, ಮನೆಗೆ ನಡೆದುಕೊಂಡು ಹೋಗುವಾಗಲೂ ತಿಳಿಯಲಿಲ್ಲ.

ಹೋಟೆಲು ತೆರೆಯುವ ಹೊತ್ತಿಗೆ ಒಂದೊಂದೇ ಬದಲಾವಣೆ ಬಂತು. ಪ್ರತಿ ಬಾತ್‌ರೂಮಿನಲ್ಲಿ ಹಿತ್ತಾಳೆಯ ಎರಡು ಗೂಟ. ಕಪಾಟಿನೊಳಗೆ ಬಕೀಟು, ಮಗ್ಗು. ಗಾಜು ಹಾಗೆಯೇ ಉಳಿಯಿತು. ಬಾಗಿಲಿನ ಹೆಸರೂ ಮೊಣಕಾಲಿನಲ್ಲೇ ಉಳಿಯಿತು. ಸೀರೆ ಹೋಗಿ ಗುಂಡಿ ಹಾಕುವ ಬೂದು ಕೋಟು, ಪೈಜಾಮ ಬಂದವು. ಪಟಾಲಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಸೂಪರ್‌ವೈಸರಾಗಿ ರಾಜಾಜಿನಗರದ ಕಡೆಯಿಂದ ಓದಿದ ಹೆಂಗಸೊಬ್ಬಳು ಬಂದಳು. ಹಾಗಾದರೆ ಅವತ್ತು ನಡೆದದ್ದು ಯಾರ ಟ್ರಯಲ್ಲು ಎಂದು ಹನುಮವ್ವ ಸಮರ್ಥನನ್ನು ಕೇಳಬೇಕೆಂದುಕೊಂಡು ಕೇಳಲಿಲ್ಲ.

ಕೆಲಸ ಉಳಿದದ್ದಕ್ಕೆ ಪಟಾಲಮ್ಮ ಖುಷಿಪಡುತ್ತಾಳೆಂದು ಅವಳು ತಿಳಿದಿದ್ದಳು. ಪಟಾಲಮ್ಮ ಎರಡು ವಾರ ಮಾತು ಬಿಟ್ಟಳು. ಆಮೇಲೆ ಒಂದು ದಿನ ನೇರಳೆ ಕೋಣೆಯಲ್ಲಿ ಹಾಸಿಗೆ ಹಾಕುವಾಗ ಕೋಪ ತಾನಾಗಿ ಹೊರಗೆ ಬಂತು.

“ಆ ಸೀರೇಲಿ ನಮ್ ಬೀದಿಯೋರು ನನ್ನ ರಿಸೆಪ್ಷನ್ನು ಅಂದ್ಕೊಂಡಿದ್ರು ಅಕ್ಕ. ಈ ಕೋಟಲ್ಲಿ ಆಸ್ಪತ್ರೆ ಆಯಾ ಥರ ಕಾಣ್ತೀನಿ.”

“ನಾ ನಿನಗ ಒಳ್ಳೇದ್ ಮಾಡಾಕ ಹೋಗಿದ್ನೆಬೇ.”

“ಮಾಡ್ದೆ ಬಿಡು.” ಪಟಾಲಮ್ಮ ಬೆಡ್‌ಶೀಟಿನ ತುದಿ ಝಾಡಿಸಿದಳು. ಎರಡು ಮೂಲೆ ಮಡಿಸಿದ ಮೇಲೆ ತಲೆ ಎತ್ತದೆ ಕೇಳಿದಳು: “ನಿಜ ಹೇಳು, ಇದರ ಮೇಲೆ ಮಲಕ್ಕೊಂಡ್ರೆ ಎಂಗಿರ್ತದೆ?”

ಹನುಮವ್ವ ಯೋಚಿಸಿದಳು. ಗೂಳಪ್ಪನೂ ಕೇಳಿದ್ದ, ಪಕ್ಕದ ಮನೆಯವರೂ ಕೇಳಿದ್ದರು. ಊಟ ಚಲೋ ಇತ್ತೆಂದು ಹೇಳಿ ತಪ್ಪಿಸಿಕೊಂಡಿದ್ದಳು.

“ಮೆತ್ತಗ ಇರ್ತೈತಿ,” ಅಂದಳು. “ಆದ್ರ ಮಲಗಿದಾಕಿ ನಾನೋ ಬ್ಯಾರೆ ಯಾರೋ ಅನಸ್ತಿತ್ತು. ಸರಿಯಾಗಿ ಹೇಳಾಕ ಬರವಲ್ದು ನೋಡು.”

“ನಂಗೂ ಒಂದಿನ ಕರೀತಾರೇನೋ.”

“ಕರದ್ರ ಹೋಗು. ಆ ನಲ್ಲಿ ಹಿಡಿ ಮಾತ್ರ ಪಕ್ಕಕ್ಕ ತಿರುಗಸಬ್ಯಾಡ.”

ಪಟಾಲಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇಬ್ಬರೂ ಹೊದಿಕೆಯನ್ನು ಎರಡು ಕಡೆಯಿಂದ ಎಳೆದು ಸುಕ್ಕು ಬಿಡಿಸಿ, ಗಾಡಿ ತಳ್ಳಿಕೊಂಡು ಹುಣಸೆಗೆ ಹೋದರು.